ಯಾರೂ ತಿನ್ನದ ಮೂಲಂಗಿ

“ನಮ್ಮನೇಲಿ ಮೂಲಂಗಿ ಯಾರೂ ತಿನ್ನಲ್ಲ ಅಂತ ಹೇಳಿ ವಾಪಸ್ ಕೊಟ್ಟುಬಂದೆ,” ಎನ್ನುತ್ತ ಗಂಡ ತರಕಾರಿ ಚೀಲವನ್ನು ಊಟದ ಮೇಜಿನ ಮೇಲಿಟ್ಟ. “ಆ ಅಂಗಡಿಯವನು ಬಿಡ್ತಾನಾ? ‘ಅಕ್ಕಂದು ಬೇರೆ ಇಟ್ಟಿದೀನಿ’ ಅಂತ ಒಂದು ಕಟ್ಟು ಕೈಗೆ ತುರುಕ್ತಾನೆ. ಯಾರೋ ಅಕ್ಕಂದು ತಂದು ನಮ್ಮ ತಲೆಗೆ ಕಟ್ಟೋಕೆ ನೋಡಿದ.”

ಉಳುಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ ಹೆಂಡತಿ ಬೀನ್ಸ್ ನಾರು ಬಿಡಿಸುವುದನ್ನು ನಿಲ್ಲಿಸಿದಳು. ಆ ಅಕ್ಕ ಅವಳೇ.

ಅವಳು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುವವಳು. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ತರಕಾರಿಯವನ ಮುಂದೆ ನಿಂತರೆ ಅವನು ಕೇಳುವುದು ಒಂದೇ ಮಾತು: “ಮನೆಗಾ, ನಿಮಗಾ?” ನನಗೆ ಎಂದರೆ ಮೂಲಂಗಿ. ಅಂಟು, ವಾರ್ನಿಷ್ ವಾಸನೆ ತುಂಬಿದ ಆ ಅಂಗಡಿಯಲ್ಲಿ ಮೂಲಂಗಿಯ ವಾಸನೆ ಲೆಕ್ಕಕ್ಕೇ ಇಲ್ಲ. ಮಾಲೀಕರಿಗಂತೂ ವರ್ಷವಿಡೀ ಶೀತ. ಮಧ್ಯಾಹ್ನ ಒಳಕೋಣೆಯಲ್ಲಿ ಕೂತು, ಹೆಚ್ಚಿ, ಉಪ್ಪು ಸವರಿ ಕರುಂಕುರುಂ ಎಂದು ತಿನ್ನುವಳು. ಸಂಜೆ ಹೊರಡುವ ಮುಂಚೆ ಹಲ್ಲುಜ್ಜಿ, ಸೋಪು ಹಚ್ಚಿ ಕೈ ತೊಳೆದು, ಬೆರಳುಗಳನ್ನು ಮೂಸಿ ನೋಡಿಕೊಳ್ಳುವಳು. ಇಷ್ಟು ಎಚ್ಚರಿಕೆಯಿಂದ ಜನ ಲಂಚವನ್ನೂ ತಿನ್ನುವುದಿಲ್ಲ.

ಮದುವೆಯಾದ ಹೊಸದರಲ್ಲಿ ಒಮ್ಮೆ ಮನೆಗೇ ತಂದಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತಡೆದು, ದನಿ ತಗ್ಗಿಸಿ ಹೇಳಿದ್ದರು: “ನಮ್ಮನೇಲಿ ಮೂಲಂಗಿ ಯಾರೂ ತಿನ್ನಲ್ಲಮ್ಮ.” ವಾಸನೆ ಬಂದರೆ ಮಾವ ಊಟ ಬಿಟ್ಟು ಏಳುತ್ತಿದ್ದರಂತೆ. ಮಾವ ಹೋದರು, ಅವರ ಮೂಗು ಮಗನಲ್ಲಿ ಉಳಿಯಿತು. ಅಕ್ಕಪಕ್ಕದವರು ಮೂಲಂಗಿ ಕೊಡಲು ಬಂದರೆ ಅವಳೂ ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿ ಕಳಿಸುತ್ತಿದ್ದಳು. ಆಗೆಲ್ಲ ಏನೂ ಅನ್ನಿಸಿರಲಿಲ್ಲ. ಇವತ್ತು ಗಂಡನ ಬಾಯಲ್ಲಿ ಕೇಳಿದಾಗ ಯಾಕೋ ಚುಚ್ಚಿತು.

“ಯಾರೂ ಅಂದ್ರೆ ಯಾರು ರೀ?” ಎಂದಳು.

“ಯಾರೂ ಅಂದ್ರೆ, ನಾನು ತಿನ್ನಲ್ಲ. ಅಮ್ಮ ತಿನ್ನಲ್ಲ.”

“ಸರಿ. ಆಮೇಲೆ?”

ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಎದುರಿಗೆ ಏನಾದರೂ ಅಡ್ಡ ಬಂತೆಂದರೆ ಮನೆಯಲ್ಲೂ ಇಲ್ಲದ ಬ್ರೇಕನ್ನು ಅವನ ಬಲಗಾಲು ಒತ್ತುತ್ತದೆ. ಈಗಲೂ ಒತ್ತಿತು.

“ನೀನು ತಿಂತೀಯಾ?”

“ಆ ಮೂಲಂಗಿ ನಂದೇ.” ಒಂದು ಮೂಲಂಗಿಗೆ ಕಣ್ಣಲ್ಲಿ ನೀರು ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ. “ಕಾಲು ಉಳುಕಿದಾಗಿನಿಂದ ಕೂತಲ್ಲೇ ಕೂತಿದೀನಿ, ಬಾಯೆಲ್ಲ ಸಪ್ಪೆ. ನಿಮಗಾಗಲ್ಲ ಅಂತ ನಾನು ಅಂಗಡೀಲಿ ತಿನ್ನೋದು ಬೇರೆ ಮಾತು. ಆದ್ರೆ ಈ ಮನೇಲಿ ನಾನೂ ಒಬ್ಬಳು ಇದೀನಲ್ಲ.”

ಗೋಡೆಯ ಪಕ್ಕ ಬಟ್ಟೆ ಮಡಚುತ್ತಿದ್ದ ಅತ್ತೆಯ ಕೈ ನಿಂತಿತು. ಗಂಡ ತಲೆ ಕೆರೆದುಕೊಂಡ.

“ಮೊದಲೇ ಹೇಳಬಾರದಾ? ಅವನ ಹತ್ತಿರ ಎಷ್ಟು ಜೋರು ಮಾಡಿ ಬಂದೆ ಗೊತ್ತಾ,” ಎಂದು ಗೊಣಗುತ್ತ ಮತ್ತೆ ಚಪ್ಪಲಿ ಮೆಟ್ಟಿದ.

ತಿರುಗಿ ಬಂದಾಗ ಕಟ್ಟು ಕೈಯಲ್ಲಿತ್ತು. ಒದ್ದೆ ಮಾಡಿಕೊಂಡ ಮಗುವನ್ನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದಿದ್ದ. “‘ಅಕ್ಕ ಸಿಕ್ಕಿಬಿದ್ರಾ’ ಅಂತ ನಗ್ತಾನೆ,” ಎಂದು ದೂರಿದ. ತಾನೇ ತೊಳೆದು, ತಟ್ಟೆ, ಚಾಕು, ಉಪ್ಪಿನ ಬಟ್ಟಲು ತಂದು ಅವಳ ಮುಂದಿಟ್ಟ. ಆಮೇಲೆ ಎರಡೂ ಕಿಟಕಿ ತೆರೆದು, ಮೂಗಿಗೆ ಟವೆಲ್ ಒತ್ತಿಕೊಂಡು ಕಿಟಕಿಯ ಪಕ್ಕ ಕೂತ. ಎದ್ದು ಹೋಗಲಿಲ್ಲ.

ಅವಳು ಮೊದಲ ಬಿಲ್ಲೆಯನ್ನು ಉಪ್ಪಿಗೆ ಅದ್ದಿ ಬಾಯಿಗಿಟ್ಟಳು. ಸ್ವಂತ ಮನೆಯಲ್ಲಿ ಆ ಕರುಂಕುರುಂ ತುಂಬ ಜೋರಾಗಿ ಕೇಳಿಸಿತು. ಅವಳಿಗೆ ನಗು ಬಂತು.

ಅತ್ತೆ ಬಟ್ಟೆ ಬಿಟ್ಟು ಎದ್ದುಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ವಾಸನೆ ಆಗುವುದಿಲ್ಲವೇನೋ ಎಂದು ಸೊಸೆ ತಟ್ಟೆಯನ್ನು ತನ್ನ ಕಡೆ ಸರಿಸಿಕೊಂಡಳು. ಅವರು ಅದನ್ನು ಬೆರಳಿನಿಂದ ಮತ್ತೆ ಮಧ್ಯಕ್ಕೆ ಎಳೆದರು. ಒಂದು ಬಿಲ್ಲೆ ಎತ್ತಿ ನೋಡಿ ಕೆಳಗಿಟ್ಟರು.

“ಇದು ಎಲೆ ಕಡೆದು, ಸಪ್ಪೆ ಇರುತ್ತೆ,” ಎಂದರು. “ತುದಿದು ಹೆಚ್ಚಿ ಕೊಡು. ಖಾರ ಇರೋದೇ ಅಲ್ಲಿ.”

ಸೊಸೆ ತುದಿ ಹೆಚ್ಚಿ ಕೊಟ್ಟಳು. ಗಂಡ ಮೂಗಿನಿಂದ ಟವೆಲ್ ತೆಗೆದ. “ಅಮ್ಮ, ನೀನು ಯಾವಾಗ...”

ಅತ್ತೆಯ ಬಾಯಿ ತುಂಬಿತ್ತು. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದರು. ಸೊಸೆ ಉಪ್ಪಿನ ಬಟ್ಟಲನ್ನು ಅವರ ಕೈಗೆಟುಕುವಂತೆ ಸರಿಸಿ, ಇನ್ನೊಂದು ಮೂಲಂಗಿಯ ತುದಿಗೆ ಚಾಕು ಇಟ್ಟಳು.