ನಿಂಗವ್ವನ ನೀರಡಿಕೆ

ನಾನು ಎರಡು ತೊಟ್ಟಿಯ ಒಂದು ವಾಷಿಂಗ್ ಮಷಿನ್. ಒಂದರಲ್ಲಿ ಒಗೆಯುತ್ತೇನೆ, ಇನ್ನೊಂದರಲ್ಲಿ ಹಿಂಡುತ್ತೇನೆ. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದವರು ಯಾವ ಯಾವ ಊರು ಸೇರಿದರೋ ತಿಳಿಯದು. ನಾನು ಗದಗಿನ ವಿಮಲಾಬಾಯಿಯ ಮನೆಗೆ ಬಂದೆ. ಹನ್ನೊಂದು ವರ್ಷ ದುಡಿದೆ. ನನ್ನ ಮೋಟಾರು ಸುಟ್ಟು ಹೊಸ ಮಷಿನ್ ಬಂದ ದಿನ ನನ್ನನ್ನು ಮಾಳಿಗೆಯ ಮೇಲೆ ಸಾಗಿಸಿದರು. ನಾಲ್ಕು ವರ್ಷ ಅಲ್ಲಿ ಯಾರೂ ನನ್ನ ಮುಚ್ಚಳ ತೆರೆಯಲಿಲ್ಲ. ಇಲಿಗಳು ವೈರು ಕಡಿದವು. ಕೆಳಗೆ ಇನ್ನೊಬ್ಬರ ತೊಟ್ಟಿ ತಿರುಗುವ ಸದ್ದು ಕೇಳಿಸುತ್ತಿತ್ತು.

ಒಂದು ದಿನ ಶಾಂತವ್ವ ನನ್ನನ್ನು ಕೇಳಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು, ವಿಮಲಾಬಾಯಿಯ ಬಾಣಂತನ ಮಾಡಿದವಳು. ಕಳಿಸಿಕೊಡುವ ಮುನ್ನ ವಿಮಲಾಬಾಯಿ ನನ್ನ ಮೇಲಿನ ಧೂಳನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಅದನ್ನು ನಾನು ಮರೆತಿಲ್ಲ.

ಶಾಂತವ್ವನ ಅಕ್ಕ ನಿಂಗವ್ವನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ದಿನಕ್ಕೆ ನಾಲ್ಕೈದು ಹಾಸಿಗೆಬಟ್ಟೆ ಒದ್ದೆಯಾಗುತ್ತಿದ್ದವು. ಅವನ್ನು ಹಿಂಡಿ ಹಿಂಡಿ ತಂಗಿಯ ಮಣಿಕಟ್ಟು ಬಾತಿತ್ತು. ಅದನ್ನು ಕಂಡ ನಿಂಗವ್ವ ನೀರು ಕುಡಿಯುವುದನ್ನೇ ಹೆಚ್ಚುಕಡಿಮೆ ಬಿಟ್ಟಿದ್ದಳು. ಹೀಗೇ ಆದರೆ ಜೀವಕ್ಕೆ ಅಪಾಯವೆಂದು ಡಾಕ್ಟರು ಹೇಳಿದ್ದರು. ತಂಗಿ ನೀರು ಹಿಡಿದರೆ, ನೀರಡಿಕೆಯೇ ಇಲ್ಲವೆಂದು ಒಡೆದ ತುಟಿಗಳನ್ನು ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಪಂಪಿನ ಮೋಟಾರು ಕಟ್ಟುವ ದಸ್ತಗೀರಸಾಬ ಮೂರು ದಿನ ಪಡಸಾಲೆಯಲ್ಲಿ ಕೂತು ನನ್ನನ್ನು ಬಿಚ್ಚಿ ಜೋಡಿಸಿದ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿದ, ಇಲಿ ಕಡಿದ ವೈರು, ಬೆಲ್ಟು ಬದಲಿಸಿದ. ನಿಂಗವ್ವನಿಗೆ ಕಣ್ಣು ಹತ್ತಿದಾಗ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಶುಕ್ರವಾರ ಕೆಲಸ ಮುಗಿಸಿ, ನಮಾಜಿನಿಂದ ಬಂದಮೇಲೆ ಚಾಲೂ ಮಾಡೋಣವೆಂದು ಹೇಳಿ ಹೋದ.

ಶಾಂತವ್ವನಿಗೆ ಕಾಯಲಾಗಲಿಲ್ಲ. ನೀರು, ಸೋಪಿನ ಪುಡಿ ಹಾಕಿ ಗುಂಡಿ ತಿರುಗಿಸಿದಳು. ಒಗೆದೆ. ಆದರೆ ಕೊಳೆ ನೀರು ಹೊರಗೆ ಹೋಗಲಿಲ್ಲ. ಹಿಂಡುವ ತೊಟ್ಟಿಯಲ್ಲೂ ನೀರು ನಿಂತು, ನಾನು ಗುಂಯ್‌ಗುಟ್ಟಿದೆನೇ ಹೊರತು ತಿರುಗಲಿಲ್ಲ. ಆಕೆ ಸ್ವಿಚ್ಚು ಆರಿಸಿ, ಬಟ್ಟೆಯನ್ನು ಮೇಲೆತ್ತಿ, ಮತ್ತೆ ಕೈಯಲ್ಲೇ ಹಿಂಡತೊಡಗಿದಳು.

ಹಾಸಿಗೆಯಿಂದ ನಿಂಗವ್ವ ತೊದಲಿದಳು. "ಶಾಂತಾ, ಆ ಪೈಪ್ ಯಾಕ ಮ್ಯಾಲೆ ತೂಗಹಾಕೀದಿ?"

ನೀರು ಹೋಗುವ ಪೈಪು ಕಿಟಕಿಯ ಮೊಳೆಗೆ ನೇತಾಡುತ್ತಿತ್ತು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ಕೈ, ನಳಿಗೆ ಕಂಡೊಡನೆ ಎತ್ತರದಲ್ಲಿ ತೂಗುಹಾಕಿತ್ತು.

"ಅದಕ್ಕೇನ್ ಸಲಾಯಿನ್ ಹಚ್ಚೀಯೇನ? ಕೆಳಗ ಬಿಡ, ಹುಚ್ಚಿ."

ಪೈಪು ಕೆಳಗಿಳಿಯಿತು. ನೀರು ಬಚ್ಚಲಿಗೆ ಧುಮುಕಿತು. ನಾನು ತಿರುಗಿದೆ. ನಾನು ಹಿಂಡಿದ ಬಟ್ಟೆಯನ್ನು ಶಾಂತವ್ವ ತಂದು ಅಕ್ಕನ ಕೆನ್ನೆಗೆ ಮುಟ್ಟಿಸಿದಳು. ನಿಂಗವ್ವ ಆಡುವ ಕೈಯಿಂದ ಅದನ್ನು ಹಿಚುಕಿ ನೋಡಿದಳು; ಒಂದು ಹನಿಯೂ ಬೀಳಲಿಲ್ಲ.

"ಒಂದ್ ತಂಬಿಗಿ ನೀರು ಕೊಡವಾ," ಅಂದಳು ಆಮೇಲೆ.

ಅವಳು ಮತ್ತೆ ಎರಡು ವರ್ಷ ಬದುಕಿದಳು. ದಿನಾ ನಾನು ತಿರುಗಿದೆ. ಈಗ ಮೂಲೆಯಲ್ಲಿ ನಿಂತಿದ್ದೇನೆ. ಶಾಂತವ್ವನ ಒಂದು ಸೀರೆಗೆ ನನ್ನ ಅಗತ್ಯವಿಲ್ಲ. ಮಣಿಕಟ್ಟಿನ ಬಾವು ಇಳಿದಿದೆ. ಇಳಿಯದಿದ್ದರೂ ಆಗುತ್ತಿತ್ತು ಎಂಬಂತೆ ಆಕೆ ಅದನ್ನು ಸವರಿಕೊಳ್ಳುತ್ತಾಳೆ. ಬೇಕಾದವರು ಹೋದಮೇಲೆ ಕೈಗೂ ಯಂತ್ರಕ್ಕೂ ಬಿಡುವು ಒಂದೇ ರೀತಿ ಭಾರವೆಂದು ನನಗೆ ತೋರುತ್ತದೆ.

ಮೊನ್ನೆ ಗುಜರಿಯವನು ಬಾಗಿಲಲ್ಲಿ ನಿಂತು, ಸುಮ್ಮನೆ ಜಾಗ ಹಿಡಿದಿದೆಯಲ್ಲ, ಕೊಡು ಎಂದು ಕೇಳಿದ.

"ಇರಲಿ ಬಿಡಪಾ," ಅಂದಳು ಶಾಂತವ್ವ. "ಮನ್ಯಾಗ ನಾವಿಬ್ರ ಅದೀವಿ."