ನುಂಗಿದ ಮಾತ್ರೆಗಳು

ಡಾಕ್ಟರಾಗಿ ನಾನು ಬರೆದ ಮೊದಲ ಸುಳ್ಳು ಮೂರೇ ಪದಗಳದ್ದು: 'ರೋಗಿ ಮಾತ್ರೆ ನುಂಗುತ್ತಿಲ್ಲ.' ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ.

ಬಟ್ಟೆ ಹೊಲಿದು ಬದುಕುತ್ತಿದ್ದ ದರ್ಜಿಯಮ್ಮ ತಮ್ಮ ಹತ್ತು ವರ್ಷದ ಮಗಳನ್ನು ಕರೆತಂದಿದ್ದರು. ಹುಡುಗಿಯ ಹಿಮೋಗ್ಲೋಬಿನ್ ಏಳು. ಆರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಏಳು ಏಳಾಗಿಯೇ ಉಳಿಯಿತು. ಔಷಧ ಸರಿ, ಪ್ರಮಾಣ ಸರಿ, ನಾನಂತೂ ಸರಿಯೋ ಸರಿ. ಹಾಗಾದರೆ ತಪ್ಪು ಯಾರದು?

"ಇವಳು ಮಾತ್ರೆ ಎಸೀತಿದಾಳೆ," ಎಂದೆ.

ದರ್ಜಿಯಮ್ಮ ನನ್ನೆದುರಿಗೇ ಮಗಳ ಕೆನ್ನೆಗೆ ಬಾರಿಸಿದರು. "ಅಮ್ಮಾ, ನಿನ್ನಾಣೆ, ದಿನಾ ನುಂಗ್ತೀನಿ," ಎಂದು ಹುಡುಗಿ ಅತ್ತಳು. ನಾನು ಮುಂದಿನ ರೋಗಿಯನ್ನು ಕರೆದೆ. ಅವರು ಮತ್ತೆ ಬರಲಿಲ್ಲ.

ಆಮೇಲೆ ನಾನು ರೋಗಿಗಳನ್ನು ಬಿಟ್ಟು ಬಿಳಿ ಇಲಿಗಳ ಸಹವಾಸಕ್ಕೆ ಬಿದ್ದೆ. ಇಲಿಗಳು ಸುಳ್ಳು ಹೇಳುವುದಿಲ್ಲ ಎಂಬುದು ಆಗಿನ ನನ್ನ ಜಂಬ. ಕಿಟಕಿಯಿಲ್ಲದ ಕೋಣೆ, ಆಸಿಡ್‌ನಲ್ಲಿ ತೊಳೆದ ಗಾಜಿನ ಸಾಮಾನು. ನಲ್ಲಿ ನೀರಿನ ಚೂರು ಕಬ್ಬಿಣ ಸೇರಿದರೂ ವಾರದ ಕೆಲಸವೆಲ್ಲ ಮಣ್ಣುಪಾಲು. ತಿಂದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಹೇಗೆ ದಾಟುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ಹತ್ತೊಂಬತ್ತು ವರ್ಷ ಕಳೆದವು. ಕೊನೆಗೆ ಇಲಿಗಳ ಒಂದು ಗುಂಪು ಎಷ್ಟು ಕಬ್ಬಿಣ ತಿನ್ನಿಸಿದರೂ ಬಿಳಿಚಿಕೊಂಡೇ ಇತ್ತು. ಅವುಗಳ ಲಿವರ್ ಕಬ್ಬಿಣವನ್ನು ತಡೆಯುವ ಹಾರ್ಮೋನನ್ನು ಬಿಡುವಿಲ್ಲದೆ ಸುರಿಸುತ್ತಿತ್ತು. ಅದಕ್ಕೆ ಕಡಿವಾಣ ಹಾಕಬೇಕಾದ ಜೀನ್ ಕೆಟ್ಟಿತ್ತು. ಬಾಗಿಲು ಹಾಕಿದ ಗೋದಾಮಿನ ಮುಂದೆ ಎಷ್ಟು ಮೂಟೆ ಇಳಿಸಿದರೇನು?

ಜೊತೆಯವರೆಲ್ಲ ಬೆನ್ನು ತಟ್ಟಿದರು. ನನಗೆ ಮಾತ್ರ ಆ ಕೆನ್ನೆಯ ಏಟು ಕೇಳಿಸಿತು. ನಾಚಿಕೆಯಿಂದ ಕುಗ್ಗಿಹೋದೆ.

ಹಳೆಯ ವಿಳಾಸ ಹಿಡಿದು ಹೋದೆ. ಅಂಗಡಿ ಅಲ್ಲೇ ಇತ್ತು. ಒಳಗೆ ದರ್ಜಿಯಮ್ಮ ಗುಂಡಿ ಹೊಲಿಯುತ್ತಿದ್ದರು. ಮುಂದುಗಡೆ ಮಗಳು ಬಟ್ಟೆ ಕತ್ತರಿಸುತ್ತಿದ್ದಳು. ತುಟಿ ಬಿಳಿಚಿತ್ತು, ಒಂದು ರವಿಕೆಯ ತೋಳು ಕತ್ತರಿಸುವುದರೊಳಗೆ ಎರಡು ಸಲ ಕುರ್ಚಿ ಹಿಡಿದು ಕೂತಳು. ನಾನು ಯಾರೆಂದು ಹೇಳಹೊರಟೆ.

"ಗೊತ್ತು," ಎಂದಳು. "ಆ ಮೂಗು ಮರೆಯೋ ಮೂಗಲ್ಲ."

ಅವಳ ರಕ್ತ ಪರೀಕ್ಷಿಸಬೇಕೆಂದು ಹೇಳಿ ಒಪ್ಪಿಗೆ ಪತ್ರ ಚಾಚಿದೆ.

"ಕೋಳೀನ ಕೇಳಿ ಮಸಾಲೆ ಅರೀತಾರಾ?" ಎಂದು ನಕ್ಕಳು. ಮರುಕ್ಷಣ ನಗು ಮಾಯವಾಯಿತು. "ಆವತ್ತು ಬಾಯಿ ಹೇಳಿದ್ದು ನಂಬಲಿಲ್ಲ. ಇವತ್ತು ರಕ್ತ ಹೇಳಿದ್ರೆ ನಂಬ್ತೀರಾ?"

ಅವಳು ದನಿ ತಗ್ಗಿಸಿದಳು. "ಅಮ್ಮ ವರ್ಷಗಟ್ಟಲೆ ಟಾರ್ಚ್ ಬಿಟ್ಟು ನನ್ನ ನಾಲಿಗೆ ಕೆಳಗೆ ನೋಡ್ತಿದ್ಲು. ಈಗ್ಲೂ ತಲೆ ಸುತ್ತಿ ಕೂತ್ರೆ, 'ಅವತ್ತು ಎಸೆದೆಯಲ್ಲ, ಅನುಭವಿಸು' ಅಂತಾಳೆ. ರಕ್ತ ತಗೊಳ್ಳಿ. ಆದ್ರೆ ಉತ್ತರ ಏನೇ ಬರ್ಲಿ, ಅಮ್ಮನ ಮುಂದೆ ನೀವೇ ಹೇಳ್ಬೇಕು."

ಉತ್ತರಕ್ಕೆ ಐದು ವಾರ ಕಾಯಬೇಕಿತ್ತು. ಜೀನ್ ಸರಿಯಾಗಿಯೇ ಇದ್ದರೆ? ಸುಳ್ಳುಗಾತಿಯೆಂಬ ಪಟ್ಟವನ್ನು ಅವಳಿಗೆ ಎರಡನೆಯ ಸಲವೂ ನಾನೇ ಕಟ್ಟಿದಂತಾಗುತ್ತಿತ್ತು. ಅನ್ನ ಸೇರಲಿಲ್ಲ. "ನಮ್ಮ ಮಗಳ ಪರೀಕ್ಷೆಗೂ ನೀನು ಹೀಗೆ ಒದ್ದಾಡಿರಲಿಲ್ಲ," ಎಂದು ನಮ್ಮ ಯಜಮಾನರು ಛೇಡಿಸಿದರು. ಅವರ ಮೇಲೆ ರೇಗಿದೆ.

ಜೀನ್ ಕೆಟ್ಟಿತ್ತು. ಅಪ್ಪನಿಂದ ಬಂದ ಪ್ರತಿಯೂ, ಅಮ್ಮನಿಂದ ಬಂದದ್ದೂ. ವರದಿ ಹಿಡಿದು ಅಂಗಡಿಗೆ ಓಡಿದೆ. ದರ್ಜಿಯಮ್ಮನ ಮುಂದೆ ಕೂತು ಎಲ್ಲ ಬಿಡಿಸಿ ಹೇಳಿದೆ: ಮಾತ್ರೆ ಈಕೆಯ ರಕ್ತಕ್ಕೆ ಹತ್ತುವ ಹಾಗೇ ಇರಲಿಲ್ಲ, ತಪ್ಪು ನನ್ನದು, ಕಬ್ಬಿಣವನ್ನು ನೇರ ರಕ್ತನಾಳಕ್ಕೇ ಕೊಟ್ಟರೆ ಪೂರ್ತಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಗುಣ ಕಾಣುತ್ತದೆ.

ಆಕೆ ಸೂಜಿ ಕೆಳಗಿಟ್ಟರು. "ಹಾಗಾದ್ರೆ ಇವಳು ದಿನಾ ನುಂಗಿದ್ದು ನಿಜಾನಾ?"

"ಅದನ್ನ ಯಾವ ಮಷೀನೂ ಹೇಳಲ್ಲಮ್ಮಾ. ಅವಳೇ ಹೇಳಿದ್ಲು. ನಾವಿಬ್ರೂ ಕೇಳ್ಲಿಲ್ಲ."

ದರ್ಜಿಯಮ್ಮ ಸೂಜಿ ಎತ್ತಿಕೊಂಡು ಮತ್ತೆ ಗುಂಡಿ ಹೊಲಿಯತೊಡಗಿದರು. ಮಗಳು ನನ್ನ ಜೊತೆ ಬಾಗಿಲ ತನಕ ಬಂದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮೊದಲ ಡ್ರಿಪ್‌ಗೆ ಅವಳು ಒಬ್ಬಳೇ ಬಂದಳು. ಮೂರನೆಯದಕ್ಕೆ ತಾಯಿಯೂ ಬಂದರು. ಅಷ್ಟು ಹೊತ್ತಿಗೆ ಹಿಮೋಗ್ಲೋಬಿನ್ ಏಳರಿಂದ ಎಂಟೂವರೆಗೆ ಏರಿತ್ತು. ಮೂರು ಮಹಡಿಯನ್ನು ಮಗಳು ಎಲ್ಲೂ ನಿಲ್ಲದೆ ಹತ್ತಿದ್ದಳು, ಏದುಸಿರು ಬಿಡುತ್ತಿದ್ದವರು ತಾಯಿ. ನರ್ಸ್ ಸೂಜಿ ಹಾಕಿದಳು. ಕಂದು ಬಣ್ಣದ ಔಷಧ ಕೊಳವೆಯೊಳಗೆ ಇಳಿಯತೊಡಗಿತು.

"ಡಾಕ್ಟ್ರೇ," ಎಂದಳು ಮಗಳು, "ಅಂಗಡೀಲಿ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ದರ್ಜಿಯಮ್ಮ ಮಗಳ ಕೈ ಹಿಡಿದರು. "ಅವರ್ಯಾಕೆ ಹೇಳ್ಬೇಕು? ನೀನು ನುಂಗಿದ್ದೆ ಕಂದಾ. ಎಲ್ಲಾನೂ ನುಂಗಿದ್ದೆ."

"ಇನ್ನೂ ಜೋರಾಗಿ," ಎಂದಳು ಮಗಳು. ಅವಳ ಕಣ್ಣು ತುಂಬಿ ಬಂದಿತ್ತು.

ದರ್ಜಿಯಮ್ಮ ಎದ್ದು ನಿಂತು, ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು.