ಬಿಳಿ ತಂತಿ, ನೀಲಿ ತಂತಿ

ಜಪಾನಿನ ಓಕಾಯಾ ರೈಲು ನಿಲ್ದಾಣದ ಹಿಂಬದಿಯ ಬೀದಿಯಲ್ಲಿ ಹನಾವೊಕಾ ಸೆಯ್ಜಿಗೆ ಒಂದು ಕಾಫಿ ಅಂಗಡಿ ಇತ್ತು. ಕಾಫಿ ಬರೀ ನೆಪ. ಜನ ಬರುತ್ತಿದ್ದುದು ಬಾಯಿ ಹೊಲಿದುಕೊಂಡವರಂತೆ ಕೂತು ಜಾಝ್ ರೆಕಾರ್ಡು ಕೇಳುವುದಕ್ಕೆ. ಮೂವತ್ತೆಂಟು ವರ್ಷಗಳಿಂದ ಅಲ್ಲಿ ಅವನು ಹೇಳಿದ್ದೇ ಕಾನೂನು. ಪಿಸುಗುಟ್ಟಿದವರನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದ. ಯಾರಾದರೂ ತಮ್ಮ ಮನೆಯ ಸ್ಪೀಕರಿನ ಹೆಚ್ಚುಗಾರಿಕೆ ಹೇಳಿಕೊಂಡರೆ, "ನಿಮ್ಮ ಕಿವಿಗೆ ಅಷ್ಟು ಸಾಕು ಬಿಡಿ" ಎಂದು ಮುಖಕ್ಕೇ ಹೇಳುತ್ತಿದ್ದ. ಬೈಸಿಕೊಂಡವರೇ ಮುಂದಿನ ಭಾನುವಾರ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಎಲ್ಲರ ಬಾಯಲ್ಲೂ ಅವನು ಮಾಸ್ಟರ್.

ಹೆಂಡತಿ ಫುಮಿಯೆ ಮದುವೆಗೆ ಮೊದಲು ಒಂಬತ್ತು ವರ್ಷ ಊರಿನ ಸರೋವರದ ದಡದ ಒಂದು ಸಣ್ಣ ಕಾರ್ಯಾಗಾರದಲ್ಲಿ ಸುರುಳಿ ಸುತ್ತುವ ಕೆಲಸ ಮಾಡಿದವಳು. ರೆಕಾರ್ಡಿನ ಗೆರೆಯ ಮೇಲೆ ಓಡುವ ಮುಳ್ಳಿನ ಹಿಂದೆ, ಸಾಸಿವೆ ಕಾಳಿನಷ್ಟು ತುಣುಕಿಗೆ, ಕೂದಲಿಗಿಂತ ನವಿರಾದ ತಾಮ್ರದ ತಂತಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಸುತ್ತಬೇಕು. ಉಸಿರು ಜೋರಾಗಿ ಬಿಟ್ಟರೆ ತಂತಿ ಕಡಿಯುತ್ತದೆ. ಸುತ್ತಿದ್ದು ಸರಿಯಿದೆಯೇ ಎಂದು ಪ್ರತಿ ಸಂಜೆ ಕೇಳಿ ನೋಡುತ್ತಿದ್ದವಳೂ ಅವಳೇ. ಇದನ್ನು ಸೆಯ್ಜಿ ಎಂದೂ ಯಾರಿಗೂ ಹೇಳಲಿಲ್ಲ. ಎರಡು ವರ್ಷದಿಂದ ಅವನ ಬೆರಳುಗಳು ನಡುಗುತ್ತಿದ್ದುದರಿಂದ ಟರ್ನ್‌ಟೇಬಲ್ಲಿನ ನಾಜೂಕು ಕೆಲಸವೆಲ್ಲ ಅವಳದೇ ಆಗಿತ್ತು. ಗಿರಾಕಿಗಳು ನೋಡುತ್ತಿದ್ದಾಗ ಅವನು ನಗುತ್ತ ಹೇಳುತ್ತಿದ್ದ: "ಕಣ್ಣು, ಕೈ ಇವಳದು. ಕಿವಿ ನಂದು."

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು, ಆ ನಡುಗುವ ಬೆರಳು ಮುಳ್ಳನ್ನು ಎತ್ತಲು ಹೋಗಿ ಅದರ ಕಡ್ಡಿಯನ್ನೇ ಲಟಕ್ಕನೆ ಮುರಿಯಿತು. ಒಳ್ಳೆಯ ಕಾಲದಲ್ಲಿ ಕೊಂಡಿದ್ದ, ಮುಳ್ಳು ಸುರುಳಿ ಎರಡೂ ಕೂಡಿದ ದುಬಾರಿ ಕಾರ್ಟ್ರಿಜ್ ಅದು. ಅಡುಗೆಮನೆಯ ಪರದೆಯ ಸಂದಿನಿಂದ ಫುಮಿಯೆ ಎಲ್ಲ ನೋಡಿದಳು. ಅವಳು ನೋಡಿದ್ದು ಅವನಿಗೂ ಗೊತ್ತಾಯಿತು.

ಹನ್ನೊಂದು ಗಂಟೆಗೆ ಹಲ್ಲಿನ ಡಾಕ್ಟರು ಮೊಮೊಸೆ, ನಿವೃತ್ತ ಬಸ್ ಡ್ರೈವರು ಓಗುಚಿ ಬಂದರು. ಇಬ್ಬರೂ ಇಪ್ಪತ್ತು ವರ್ಷದ ಗಿರಾಕಿಗಳು. ಸ್ಪೀಕರು ಸುಮ್ಮನಿದ್ದುದನ್ನು ಕಂಡು ಡಾಕ್ಟರು ಏನಾಯಿತೆಂದು ಕೇಳಿದರು.

"ಇವಳನ್ನ ಕೇಳಿ" ಎಂದ ಸೆಯ್ಜಿ. "ಧೂಳು ಒರೆಸ್ತೀನಿ ಅಂತ ಹೋದ್ಲು. ಎಮ್ಮೆ ಬಾಲ ಬೀಸಿದ ಹಾಗೆ ಬಟ್ಟೆ ಬೀಸಿದ್ಲು. ಹೋಯ್ತು."

ಫುಮಿಯೆ ಕಾಫಿ ಸೋಸುತ್ತಿದ್ದಳು. ತಲೆ ಬಗ್ಗಿಸಿ, "ತಪ್ಪಾಯ್ತು" ಎಂದಳು. ಓಗುಚಿ ಮರುಕದಿಂದ ನೋಡಿದ. ಆ ಮರುಕ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮುರಿದದ್ದರ ಸಮಕ್ಕೆ ಇನ್ನೊಂದು ತರುವ ಶಕ್ತಿ ಈಗ ಅಂಗಡಿಗೆ ಇರಲಿಲ್ಲ. ಆದರೆ ಮೂವಿಂಗ್ ಕಾಯಿಲ್, ಅಂದರೆ ಫುಮಿಯೆ ಸುತ್ತುತ್ತಿದ್ದಂಥ ಸುರುಳಿಯದು, ಬಿಟ್ಟು ಬೇರೆ ಜಾತಿಯದನ್ನು ಮುಟ್ಟುವುದಿಲ್ಲವೆಂದು ಸೆಯ್ಜಿ ಹಟ ಹಿಡಿದ. ಡಾಕ್ಟರು ಮಾತ್ಸುಮೊತೊ ನಗರದ ಪರಿಚಯದ ಅಂಗಡಿಯಿಂದ ಕೈಗೆಟಕುವ ಬೆಲೆಯ ಮೂರನ್ನು ಒಂದು ಭಾನುವಾರದ ಮಟ್ಟಿಗೆ ಎರವಲು ತಂದರು. ಮೊದಲನೆಯದು ಇಪ್ಪತ್ತೈದು ಸಾವಿರ ಯೆನ್, ಎರಡನೆಯದು ನಲವತ್ತು, ಮೂರನೆಯದು ಅರವತ್ತು. ಮಧ್ಯಾಹ್ನ ಎಂಟು ಹತ್ತು ಜನ ಸೇರಿದರು. ಮಾಸ್ಟರ್ ಆರಿಸುವುದನ್ನು ನೋಡುವುದೇ ಅವರಿಗೊಂದು ಹಬ್ಬ.

ಫುಮಿಯೆ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಮೊದಲನೆಯದನ್ನು ಕೂರಿಸಿದಳು. ಅದರ ನಾಲ್ಕು ತಂತಿಗಳಲ್ಲಿ ಕೆಂಪು, ಹಸಿರು ಬಲಗಡೆಯ ಸ್ಪೀಕರಿಗೆ. ಬಿಳಿ, ನೀಲಿ ಎಡಗಡೆಯದಕ್ಕೆ. ಒಂದು ಸ್ಯಾಕ್ಸೊಫೋನ್ ರೆಕಾರ್ಡು ಹಾಕಿದರು. ಕೇಳುತ್ತ ಕೇಳುತ್ತ ಅವಳ ಮೈ ಹಗುರವಾಯಿತು. ಆ ಬೆಲೆಗೆ ಇಂಥ ಸುತ್ತು ಸುತ್ತಿದವರು ಯಾರೋ ಶ್ರದ್ಧೆಯವರೇ ಇರಬೇಕು ಅನ್ನಿಸಿತು. ಎರಡನೆಯದು ಹೆಚ್ಚು ಗದ್ದಲದ್ದು, ಮಿಂಚು ಜಾಸ್ತಿ, ಜೀವ ಕಡಿಮೆ. ಅದನ್ನು ಬಿಚ್ಚುವಾಗ ಅವಳ ಬಾಯಿ ತಪ್ಪಿ ಮಾತು ಬಂತು.

"ರೀ, ನಂಗೇನೋ ಆ ಮೊದಲ್ನೇದೇ ಚೆನ್ನಾಗಿದೆ ಅನ್ಸುತ್ತೆ. ದುಡ್ಡೂ ಕಮ್ಮಿ."

ಸೆಯ್ಜಿ ಮೆಲ್ಲನೆ ತಿರುಗಿದ. "ಏನಂದೆ?"

"ಮೊದಲ್ನೇದು…"

"ಕೇಳಿಸ್ಕೊಂಡ್ರಾ ಡಾಕ್ಟ್ರೇ? ನಮ್ಮನೆ ಒಲೆ ಕೂಡ ಅಭಿಪ್ರಾಯ ಹೇಳೋಕೆ ಶುರು ಮಾಡ್ತು. ನಾಳೆ ಕೆಟಲ್ ಹೇಳುತ್ತೆ." ಎಲ್ಲರೂ ನಕ್ಕರು. "ಮುರಿದೋಳು ನೀನು. ಮುರಿದ ಕೈಲಿ ಮೂರನೇದನ್ನ ಕೂರ್ಸು. ಬಾಯಿಗೆ ಕೆಲಸ ಕೊಡಬೇಡ."

ಅವಳು ಬಗ್ಗಿದಳು. ಕಿವಿಯೊಳಗೆ ಭೋರ್ ಎನ್ನುತ್ತಿತ್ತು. ಚಿಮುಟದಿಂದ ನಾಲ್ಕು ತಂತಿ ಸಿಕ್ಕಿಸಿ ಮುಗಿದಾಗ ಭೂತಗನ್ನಡಿಯಲ್ಲಿ ಕಂಡಿತು: ಬಿಳಿ ಇರಬೇಕಾದ ಕಡೆ ನೀಲಿ, ನೀಲಿ ಇರಬೇಕಾದ ಕಡೆ ಬಿಳಿ. ಇಷ್ಟು ವರ್ಷದಲ್ಲಿ ಅವಳ ಕೈ ಹೀಗೆ ತಪ್ಪಿರಲಿಲ್ಲ. ಬದಲಿಸಲು ಎರಡು ನಿಮಿಷ ಸಾಕಿತ್ತು. ಚಿಮುಟ ಹಿಡಿದ ಕೈ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಚಿಮುಟವನ್ನು ಡಬ್ಬಿಯಲ್ಲಿಟ್ಟು, "ಆಯ್ತು" ಎಂದಳು.

ಹಾಗೆ ತಿರುಗುಮುರುಗಾಗಿ ಸಿಕ್ಕಿಸಿದರೆ ಎರಡು ಸ್ಪೀಕರುಗಳ ಸದ್ದು ಒಂದನ್ನೊಂದು ತಿನ್ನುತ್ತದೆ. ಡ್ರಮ್ಮಿನ ಗುಂಡಿಗೆಯೇ ಮಾಯ. ನಡುವೆ ನಿಂತು ಊದಬೇಕಾದ ಸ್ಯಾಕ್ಸೊಫೋನ್ ಗೋಡೆಗಳ ಮೂಲೆಮೂಲೆಯಿಂದ ಹೊಗೆಯ ಹಾಗೆ ಬರತೊಡಗಿತು. ಎರಡೂ ಕಿವಿ ನೆಟ್ಟಗಿದ್ದವರಿಗೆ ತಲೆ ಸುತ್ತಬೇಕು. ಸೆಯ್ಜಿಯ ಎಡಗಿವಿ ಸತ್ತಿದ್ದನ್ನು ಫುಮಿಯೆ ಬಹಳ ಹಿಂದೆಯೇ ಬಲ್ಲಳು. ಎಡಗಡೆಯಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ.

ಅವನು ಕಣ್ಣು ಮುಚ್ಚಿ ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಕೇಳಿದ. ಮುಗಿದ ಮೇಲೆ ನಿಟ್ಟುಸಿರು ಬಿಟ್ಟ. "ಇದು. ಕೊಬ್ಬೇ ಇಲ್ಲ ನೋಡಿ. ಗಾಳಿ ಆಡ್ತಾ ಇದೆ ಮಧ್ಯೆ. ಇಷ್ಟು ದಿನ ನಾವು ಕೇಳಿದ್ದೆಲ್ಲ ಹೊಟ್ಟೆ ಊದಿದ ಸಂಗೀತ."

"ನಿಜ ಮಾಸ್ಟರ್, ಗಾಳಿ" ಎಂದರು ಡಾಕ್ಟರು, ಹಣೆ ಒತ್ತಿಕೊಳ್ಳುತ್ತ.

ಮೂವತ್ತು ವರ್ಷ ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಪತ್ತೆ ಹಚ್ಚಿದವನು ಓಗುಚಿ. ಫುಮಿಯೆಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವನ ತುಟಿಯ ಮೂಲೆ ಸಣ್ಣಗೆ ಕೊಂಕಿತು. ಮೂರನೆಯದನ್ನೇ ಕೊಂಡರು.

ಆಮೇಲಿನ ಆರು ವಾರ ಅಂಗಡಿಗೆ ಒಳ್ಳೆಯ ವ್ಯಾಪಾರ. ಓಗುಚಿ ಗುಟ್ಟನ್ನು ಡಾಕ್ಟರಿಗೆ ಹೇಳಿದ, ಡಾಕ್ಟರು ಇನ್ನಾರಿಗೋ ಹೇಳಿದರು. ಚಿನೊದಿಂದ, ಶಿಯೊಜಿರಿಯಿಂದ ಅಪರಿಚಿತರು ಕಾರು ಮಾಡಿಕೊಂಡು ಬರತೊಡಗಿದರು. ಬಂದವರು ವಿನಯದಿಂದ ಕೇಳುತ್ತಿದ್ದರು: "ಮಾಸ್ಟರ್, ಈ ಕಾರ್ಟ್ರಿಜ್‌ನ ವಿಶೇಷ ಏನು ಅಂತ ಸ್ವಲ್ಪ ಹೇಳ್ತೀರಾ?" ಅವನು ಹೇಳುತ್ತಿದ್ದ. ಗಾಳಿ, ಕೊಬ್ಬು, ಅಂತರಾಳ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು, ಭುಜಗಳು ಮಾತ್ರ ಕುಲುಕುತ್ತಿದ್ದವು. ಒಬ್ಬ ಹುಡುಗಿ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಅವಳಿಗೆ ಅಳು ಬಂದಿದೆಯೆಂದು ಸೆಯ್ಜಿ ತಿಳಿದ.

ಫುಮಿಯೆ ತಟ್ಟೆ ಹಿಡಿದು ಅವರ ನಡುವೆ ಓಡಾಡಿದಳು. ಮೊದಲ ವಾರ ಅವಳಿಗೆ ಹಾಯೆನಿಸಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅನ್ನ ಹೆಚ್ಚು ಸೇರಿತು, ನಿದ್ದೆ ಚೆನ್ನಾಗಿ ಬಂತು.

ಮೇ ತಿಂಗಳ ಒಂದು ಬೆಳಿಗ್ಗೆ ಸೆಯ್ಜಿ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯಲ್ಲೇ ಅವಳೊಡನೆ ಮಾತಾಡಿದ. ಮಗುವಿನಂತೆ ಖುಷಿಯಲ್ಲಿದ್ದ. "ನೋಡ್ದಾ? ಅಂಗಡಿ ಮುಚ್ಚಬೇಕಾಗುತ್ತೇನೋ ಅಂತ ಹೆದರಿದ್ದೆ ಕಣೇ. ಕಿವಿ ಇರೋ ಜನ ಇನ್ನೂ ಇದಾರೆ ಪ್ರಪಂಚದಲ್ಲಿ. ಇವತ್ತು ಆ ನೀಲಿ ಷರಟಿಗೆ ಇಸ್ತ್ರಿ ಹಾಕು."

ಫುಮಿಯೆ ಕಾಲರಿನ ಒಂದು ಸುಕ್ಕೂ ಉಳಿಯದಂತೆ ಇಸ್ತ್ರಿ ಮಾಡಿಕೊಟ್ಟಳು. ಅವನು ಬ್ರೆಡ್ಡು ತರಲು ಹೋದಾಗ ಭೂತಗನ್ನಡಿ ಕಟ್ಟಿ, ಬಿಳಿಯನ್ನು ಬಿಳಿಯ ಜಾಗಕ್ಕೆ, ನೀಲಿಯನ್ನು ನೀಲಿಯ ಜಾಗಕ್ಕೆ ಸಿಕ್ಕಿಸಿದಳು. ಇಲ್ಲಿಗೆ ಮುಗಿಯಲಿ, ಯಾರಿಗೂ ಏನೂ ತಿಳಿಯುವುದು ಬೇಡ ಎಂದುಕೊಂಡಳು.

ಆ ದಿನ ಅಂಗಡಿ ತುಂಬಿತ್ತು. ರೆಕಾರ್ಡು ತಿರುಗಿ ಮೊದಲ ಏಟು ಬಿದ್ದದ್ದೇ, ಓಗುಚಿ ನಿರಾಸೆಯಿಂದ ತಲೆಯೆತ್ತಿದ. ಸೆಯ್ಜಿಯ ಮುಖ ಕಪ್ಪಿಟ್ಟಿತು. ಬಲಗಿವಿಗೂ ಅಷ್ಟು ವ್ಯತ್ಯಾಸ ತಿಳಿಯಿತು.

"ಏನ್ ಮಾಡ್ದೆ?" ಎಂದ, ಎಲ್ಲರಿಗೂ ಕೇಳುವ ಹಾಗೆ. "ಕೈ ಹಾಕಿದೀಯ ಅದಕ್ಕೆ. ಹೊಟ್ಟೆ ಊದಿಸಿಟ್ಟಿದೀಯ! ಒಂದನ್ನ ಮುರಿದೆ, ಇನ್ನೊಂದನ್ನ ಕೆಡಿಸ್ದೆ. ನಿನ್ನಂಥ ಹೆಂಗಸನ್ನ ಒಳಗೆ ಬಿಟ್ಕೊಂಡಿದ್ದೇ ನನ್ನ ತಪ್ಪು."

ಫುಮಿಯೆ ತಟ್ಟೆ ಕೆಳಗಿಟ್ಟು, ಅವನ ಬಲಗಡೆಗೆ ಬಂದು ನಿಂತಳು.

"ಈಗ ಸರಿಯಾಗಿದೆ ರೀ. ಇಷ್ಟು ದಿನ ಎಡಗಡೆ ತಂತಿ ತಿರುಗುಮುರುಗಾಗಿತ್ತು. ನಾನೇ ಹಾಕಿದ್ದು. ನೀವು ಗಾಳಿ ಗಾಳಿ ಅಂದ್ರಲ್ಲ, ಅದು ತಪ್ಪು ತಂತಿ. ಇಲ್ಲಿ ಇರೋರಿಗೆಲ್ಲ ಗೊತ್ತು. ನಗೋದಕ್ಕೇ ಬರ್ತಾರೆ."

ರೆಕಾರ್ಡು ಓಡುತ್ತಲೇ ಇತ್ತು. ಸೆಯ್ಜಿ ಒಬ್ಬೊಬ್ಬರನ್ನೇ ನೋಡಿದ. ಹೊರಊರಿನವರು ಕೋಟು ಹುಡುಕತೊಡಗಿದರು.

"ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಓಗುಚಿ?"

"ನಮ್ಮ ಕಿವಿಗೆ ಏನು ಗೊತ್ತಾಗುತ್ತೆ ಮಾಸ್ಟರ್" ಎಂದ ಓಗುಚಿ.

ಸೆಯ್ಜಿ ಯಾರಿಗೂ ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಮಹಡಿ ಹತ್ತಿ ಹೋದ. ಹದಿನೈದು ದಿನ ಕೆಳಗಿಳಿಯಲಿಲ್ಲ. ರೆಕಾರ್ಡು ಹಾಕುವುದು, ಕಾಫಿ ಮಾಡುವುದು ಎರಡೂ ಫುಮಿಯೆಯದಾಯಿತು. ಅವಳು ಯಾರನ್ನೂ ಸುಮ್ಮನಿರಿ ಎನ್ನಲಿಲ್ಲ. ಜನ ಮಾತಾಡುತ್ತ, ನಗುತ್ತ ಕೂರತೊಡಗಿದರು.

ಜೂನ್‌ನಲ್ಲಿ ಅವಳೇ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಿನಲ್ಲಿ ಚಿಕ್ಕವಳಾದ ಆ ಡಾಕ್ಟರು ಕಾಗದದ ಮೇಲೆ ಇಳಿದ ಗೆರೆ ತೋರಿಸಿ, "ಇದು ಯಾವಾಗಿಂದ?" ಎಂದು ಕೇಳಿದಳು. ಸೆಯ್ಜಿ ಬಾಯಿ ತೆರೆಯುವ ಮೊದಲೇ ಫುಮಿಯೆ ಹೇಳಿದಳು:

"ಎಂಟು ವರ್ಷದಿಂದ."

ಸೆಯ್ಜಿ ಅವಳ ಕಡೆ ತಿರುಗಿದ. "ಎಂಟು ವರ್ಷದಿಂದ ನಿಂಗೆ ಗೊತ್ತಿತ್ತಾ?"

"ಹೂಂ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಲೆ ಮಾತಾಡ್ತು ಅಂತಿದ್ರಿ."

ಡಾಕ್ಟರು ಮುಜುಗರದಿಂದ ಕಾಗದ ಮಡಿಸಿದಳು. ಬಲಗಿವಿಯೂ ಮಂದವಾಗಿದೆಯೆಂದು ಹೇಳಿ ಶ್ರವಣಯಂತ್ರ ಬರೆದುಕೊಟ್ಟಳು, ಎರಡು ಕಿವಿಗೂ.

ಅದು ಬಂದ ಮೇಲೂ ಅವನು ಹಾಕಿಕೊಳ್ಳಲು ಒಪ್ಪಲಿಲ್ಲ. ಭಾನುವಾರ ಅಂಗಡಿ ತುಂಬಿದ ಹೊತ್ತಿಗೆ ಫುಮಿಯೆ ಮಹಡಿಗೆ ಹೋಗಿ ಮೃದುವಾಗಿ ಹೇಳಿದಳು: "ಒಂದು ಸಲ ಹಾಕ್ಕೊಂಡು ಕೆಳಗೆ ಬನ್ನಿ. ರೆಕಾರ್ಡು ಹೇಗೆ ಕೇಳುತ್ತೆ ನೋಡೋಣ." ಅವಳೇ ಕಿವಿಗೆ ಸಿಕ್ಕಿಸಿದಳು. ಅವಳ ಬೆರಳು ಕಿವಿ ಮುಟ್ಟಿದಾಗ ಅವನು ಅಲುಗಾಡದೆ ಕೂತಿದ್ದ. ಬಟನ್ನು ಒತ್ತಿ ಸದ್ದನ್ನು ಎಷ್ಟು ಏರಿಸಬಹುದೋ ಅಷ್ಟೂ ಏರಿಸಿದಳು.

ಕೆಳಗೆ ಬಂದು ಅವನು ಮೂಲೆಯ ಮೇಜಿನಲ್ಲಿ ಕೂತ. ಹಿಂದಿನ ಮೇಜಿನಲ್ಲಿ ಓಗುಚಿ ಒಬ್ಬ ಹೊಸಬನಿಗೆ ಎಂದಿನ ಗಟ್ಟಿ ದನಿಯಲ್ಲೇ ಹೇಳುತ್ತಿದ್ದ. ಮಾಸ್ಟರಿಗೆ ಕೇಳಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತಲ್ಲ. "ಅವನೇ ನೋಡಪ್ಪ ಕಿವುಡ. ಆರು ವಾರ ಕುಣಿಸಿದ್ವಿ. ಇಪ್ಪತ್ತು ವರ್ಷ ಅವನ ಬೈಗುಳ ತಿಂದಿದ್ದು ಅಷ್ಟಕ್ಕಾದ್ರೂ ವಸೂಲಾಯ್ತು. ಪಾಪ ಆ ಹೆಂಗಸು. ಸತ್ತಾದ್ರೂ ಹೋಗಬಾರ್ದಾ ಇವನು."

ಸೆಯ್ಜಿಯ ಬೆನ್ನು ನೆಟ್ಟಗಾಯಿತು. ಪ್ರತಿ ಅಕ್ಷರವೂ ಕೇಳಿಸಿತೆಂದು ಫುಮಿಯೆಗೆ ಗೊತ್ತಾಯಿತು. ಇಷ್ಟು ಕಟುವಾದ ಮಾತು ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬರಬಾರದೆಂದೂ ಬಯಸಿರಲಿಲ್ಲ.

ಅವನು ಎದ್ದ. ನೀರಿನ ಹೂಜಿ ಎತ್ತಿಕೊಂಡು ಓಗುಚಿಯ ಮೇಜಿಗೆ ಹೋಗಿ, ನಡುಗುವ ಕೈಯಲ್ಲಿ ಅವನ ಲೋಟ ತುಂಬಿಸಿದ. ಅರ್ಧ ಮೇಜಿನ ಮೇಲೆ ಚೆಲ್ಲಿತು. ಸೊಂಟ ಬಗ್ಗಿಸಿ ನಮಸ್ಕರಿಸಿದ. "ಬರ್ತಾ ಇರಿ" ಎಂದ.

ಅವನ ಕಿವಿಯಲ್ಲಿದ್ದ ಯಂತ್ರ ಕಂಡು ಓಗುಚಿಯ ಮುಖ ಬೂದಿಯಾಯಿತು. ಫುಮಿಯೆ ಬಟ್ಟೆ ತಂದು ಮೇಜು ಒರೆಸಿದಳು. ಒರೆಸುತ್ತಿರುವಾಗ ಗಂಡ ಪಕ್ಕದಲ್ಲೇ ನಿಂತು ಅವಳ ಮುಖವನ್ನೇ ನೋಡುತ್ತಿದ್ದ, ಏನಾದರೂ ಹೇಳುತ್ತಾಳೇನೋ ಎಂದು. ಅವಳು ಬಟ್ಟೆ ಮಡಿಸಿದಳು. ಹೋಗಿ ರೆಕಾರ್ಡಿನ ಮಗ್ಗುಲು ಬದಲಿಸಿದಳು.